ಎನ್‌ಬಿಎ ತನ್ನ ಹುಟ್ಟಿದ ದಿನವನ್ನು ಆರಿಸಿಕೊಂಡ ಬಗೆ

ಅಮೆರಿಕದ ನ್ಯಾಷನಲ್ ಬ್ಯಾಸ್ಕೆಟ್‌ಬಾಲ್ ಅಸೋಸಿಯೇಷನ್, ಅಂದರೆ ಎನ್‌ಬಿಎ, 2025-26ನೇ ಸಾಲಿನ ಟೂರ್ನಿಯನ್ನು ತನ್ನ 80ನೇ ಋತುವೆಂದು ಎಣಿಸುತ್ತದೆ. ಈ ಎಣಿಕೆ ಶುರುವಾಗುವುದು 1946ರ ನವೆಂಬರ್ 1ರಿಂದ. ಅಂದು ಕೆನಡಾದ ಟೊರಾಂಟೊದಲ್ಲಿ ನ್ಯೂಯಾರ್ಕ್ ನಿಕರ್‌ಬಾಕರ್ಸ್, ಅಂದರೆ ನಿಕ್ಸ್, ತಂಡವು ಟೊರಾಂಟೊ ಹಸ್ಕೀಸ್ ತಂಡವನ್ನು 68-66ರಿಂದ ಮಣಿಸಿತು. ಆದರೆ ಅಂದು ಎನ್‌ಬಿಎ ಎಂಬ ಹೆಸರೇ ಹುಟ್ಟಿರಲಿಲ್ಲ. ಆ ಪಂದ್ಯ ನಡೆಸಿದ್ದು ಬ್ಯಾಸ್ಕೆಟ್‌ಬಾಲ್ ಅಸೋಸಿಯೇಷನ್ ಆಫ್ ಅಮೆರಿಕ ಎಂಬ ಹೊಸ ಸಂಸ್ಥೆ. ಮುಂದೆ ಅದನ್ನು ಬಿಎಎ ಎಂದು ಕರೆಯೋಣ. ಈ ಬಿಎಎ 1949ರ ಆಗಸ್ಟ್ 3ರಂದು ತನಗಿಂತ ಒಂಬತ್ತು ವರ್ಷ ಹಿರಿಯದಾದ ನ್ಯಾಷನಲ್ ಬ್ಯಾಸ್ಕೆಟ್‌ಬಾಲ್ ಲೀಗ್, ಅಂದರೆ ಎನ್‌ಬಿಎಲ್ ಜೊತೆ ಸೇರಿಕೊಂಡಾಗ ಎನ್‌ಬಿಎ ಎಂಬ ಹೆಸರು ಬಂತು. ಎರಡು ಮನೆಗಳು ಕೂಡಿ ಒಂದಾದವು. ದಾಖಲೆ ಪುಸ್ತಕಕ್ಕೆ ಏರಿದ್ದು ಮಾತ್ರ ಒಂದೇ ಮನೆಯ ವಂಶಾವಳಿ. ಬಿಎಎಯ ಮೂರು ಋತುಗಳು ಎನ್‌ಬಿಎ ಇತಿಹಾಸವಾದವು. ಎನ್‌ಬಿಎಲ್‌ನ ಹನ್ನೆರಡು ಋತುಗಳು ಲೆಕ್ಕದಿಂದ ಹೊರಗುಳಿದವು.

ಇದು ಮುಗಿದುಹೋದ ಹಳೆಯ ಜಗಳವಲ್ಲ. 2020ರ ಡಿಸೆಂಬರ್‌ನಲ್ಲಿ ಮೇಜರ್ ಲೀಗ್ ಬೇಸ್‌ಬಾಲ್ ಸಂಸ್ಥೆಯು 1920ರಿಂದ 1948ರವರೆಗೆ ಕಪ್ಪು ಆಟಗಾರರು ತಮ್ಮದೇ ಲೀಗ್‌ಗಳಲ್ಲಿ ಆಡಿದ ಆಟಕ್ಕೆ ಪ್ರಮುಖ ಲೀಗ್‌ನ ಮಾನ್ಯತೆ ಕೊಟ್ಟಿತು. 2024ರ ಮೇ ತಿಂಗಳಲ್ಲಿ ಆ ಅಂಕಿಅಂಶಗಳನ್ನು ತನ್ನ ದಾಖಲೆಗಳೊಳಗೆ ಸೇರಿಸಿಯೂಬಿಟ್ಟಿತು. ದಶಕಗಳಿಂದ ಬ್ಯಾಟಿಂಗ್ ಸರಾಸರಿಯ ಮೊದಲ ಸ್ಥಾನದಲ್ಲಿದ್ದ ಟೈ ಕಾಬ್ ಕೆಳಗಿಳಿದರು, ಜಾಶ್ ಗಿಬ್ಸನ್ ಮೇಲೇರಿದರು. ಅದಾದ ಮೇಲೆ ಇದೇ ಪ್ರಶ್ನೆಯನ್ನು ಬ್ಯಾಸ್ಕೆಟ್‌ಬಾಲ್‌ಗೂ ಕೇಳದಿರಲು ಸಾಧ್ಯವಿಲ್ಲ. ಎನ್‌ಬಿಎ ತನ್ನ ಮೊದಲ ಋತುವೆಂದು ಹೇಳಿಕೊಳ್ಳುವ 1946-47ನ್ನು ಹತ್ತಿರದಿಂದ ನೋಡಿದರೆ, ಆ ಲೆಕ್ಕವನ್ನು ತಿದ್ದಬೇಕು ಎಂದೇ ನನಗೆ ಅನ್ನಿಸುತ್ತದೆ.

ಬಿಎಎ ಹುಟ್ಟಿದ್ದು 1946ರ ಜೂನ್ 6ರಂದು, ನ್ಯೂಯಾರ್ಕ್‌ನ ಕಮೋಡೋರ್ ಹೋಟೆಲಿನಲ್ಲಿ. ಅಲ್ಲಿ ಸೇರಿದವರಲ್ಲಿ ಹೆಚ್ಚಿನವರು ಬ್ಯಾಸ್ಕೆಟ್‌ಬಾಲ್ ಬಲ್ಲವರಾಗಿರಲಿಲ್ಲ. ಅವರು ದೊಡ್ಡ ನಗರಗಳ ಒಳಾಂಗಣ ಕ್ರೀಡಾಂಗಣಗಳ ಒಡೆಯರು, ಐಸ್ ಹಾಕಿಯಿಂದ ದುಡ್ಡು ಮಾಡುತ್ತಿದ್ದವರು. ಬಾಸ್ಟನ್ ಗಾರ್ಡನ್‌ನ ವಾಲ್ಟರ್ ಬ್ರೌನ್, ಕ್ಲೀವ್‌ಲ್ಯಾಂಡ್ ಅರೀನಾದ ಆಲ್ ಸಟ್ಫಿನ್ ಇಂಥವರು. ಅಧ್ಯಕ್ಷರಾಗಿ ಆರಿಸಿಕೊಂಡದ್ದು ಮಾರಿಸ್ ಪೊಡೊಲಾಫ್ ಅವರನ್ನು. ಯೇಲ್‌ನಲ್ಲಿ ಕಾನೂನು ಓದಿದ ಇವರು ಆಗಲೇ ಅಮೆರಿಕನ್ ಹಾಕಿ ಲೀಗ್‌ಗೂ ಅಧ್ಯಕ್ಷರಾಗಿದ್ದರು. ಹೊಸ ಹುದ್ದೆಗಾಗಿ ಹಳೆಯದನ್ನು ಬಿಡಲಿಲ್ಲ, ಎರಡನ್ನೂ ನಿಭಾಯಿಸಿದರು.

ಅವರ ಲೆಕ್ಕಾಚಾರ ಸರಳ. ಹಾಕಿ ಪಂದ್ಯವಿಲ್ಲದ ರಾತ್ರಿಗಳಲ್ಲಿ ಕ್ರೀಡಾಂಗಣ ಖಾಲಿ ಬೀಳುತ್ತಿತ್ತು. ಯುದ್ಧ ಮುಗಿದಿತ್ತು, ಸೈನಿಕರು ಮನೆಗೆ ಮರಳಿದ್ದರು, ಜನರ ಕೈಯಲ್ಲಿ ಮನರಂಜನೆಗೆ ಖರ್ಚು ಮಾಡುವ ಹಣವಿತ್ತು. 1934ರಿಂದ ನೆಡ್ ಐರಿಷ್ ಎಂಬವರು ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಒಂದೇ ಸಂಜೆ ಎರಡು ಕಾಲೇಜು ಪಂದ್ಯಗಳನ್ನು ಆಡಿಸಿ ಕ್ರೀಡಾಂಗಣ ತುಂಬಿಸುತ್ತಿದ್ದರು. ಕಾಲೇಜು ಹುಡುಗರನ್ನು ನೋಡಲು ಬರುವ ಜನ, ಅದೇ ಹುಡುಗರು ಪದವಿ ಮುಗಿಸಿ ಸಂಬಳಕ್ಕೆ ಆಡಿದರೆ ಬರುವುದಿಲ್ಲವೇ? ಈ ಭರವಸೆಯ ಮೇಲೆ 11 ತಂಡಗಳು ಕಣಕ್ಕಿಳಿದವು. ಪೂರ್ವ ವಿಭಾಗದಲ್ಲಿ ಬಾಸ್ಟನ್, ನ್ಯೂಯಾರ್ಕ್, ಫಿಲಡೆಲ್ಫಿಯಾ, ಪ್ರಾವಿಡೆನ್ಸ್, ಟೊರಾಂಟೊ, ವಾಷಿಂಗ್ಟನ್. ಪಶ್ಚಿಮದಲ್ಲಿ ಶಿಕಾಗೊ, ಕ್ಲೀವ್‌ಲ್ಯಾಂಡ್, ಡೆಟ್ರಾಯಿಟ್, ಪಿಟ್ಸ್‌ಬರ್ಗ್, ಸೇಂಟ್ ಲೂಯಿಸ್. ತಂಡವೊಂದರ ಒಟ್ಟು ಸಂಬಳದ ಮಿತಿ 55,000 ಡಾಲರ್.

ಆಟದ ನಿಯಮಗಳಲ್ಲೂ ಕ್ರೀಡಾಂಗಣದ ಒಡೆಯರ ಕೈವಾಡ ಕಾಣುತ್ತದೆ. ಕಾಲೇಜು ಪಂದ್ಯ 40 ನಿಮಿಷದ್ದು. ಬಿಎಎ ಅದನ್ನು 48ಕ್ಕೆ ಏರಿಸಿತು, ಏಕೆಂದರೆ ಟಿಕೆಟ್ ಕೊಂಡವನಿಗೆ ಒಂದು ಪೂರ್ತಿ ಸಂಜೆಯ ಮನರಂಜನೆ ಸಿಗಬೇಕಿತ್ತು. ಇಂದಿಗೂ ಎನ್‌ಬಿಎ ಪಂದ್ಯ 48 ನಿಮಿಷದ್ದೇ. ಹಾಕಿಯ ಮಂಜುಗಡ್ಡೆಯನ್ನು ಕರಗಿಸುವುದು ದುಬಾರಿ ಎಂದು ಅದರ ಮೇಲೆಯೇ ಹಲಗೆ ಜೋಡಿಸಿ ಅಂಕಣ ಮಾಡುತ್ತಿದ್ದರು. ಕೆಳಗಿನ ತಂಪಿಗೆ ಹಲಗೆ ಪಸೆಯಾಗುತ್ತಿತ್ತು, ಆಟಗಾರರು ಜಾರುತ್ತಿದ್ದರು. ಬೆಂಚಿನಲ್ಲಿ ಕುಳಿತವರು ಚಳಿಗೆ ಮುದುಡಿಕೊಳ್ಳುತ್ತಿದ್ದರು.

ಟೊರಾಂಟೊದ ಮೇಪಲ್ ಲೀಫ್ ಗಾರ್ಡನ್ಸ್‌ನಲ್ಲಿ ನಡೆದ ಆ ಮೊದಲ ಪಂದ್ಯಕ್ಕೆ ಬಂದವರು 7,090 ಜನ. ಟಿಕೆಟ್ ದರ 75 ಸೆಂಟ್‌ನಿಂದ ಎರಡೂವರೆ ಡಾಲರ್‌ವರೆಗೆ ಇತ್ತು. ಹಸ್ಕೀಸ್ ತಂಡದ ಅತಿ ಎತ್ತರದ ಆಟಗಾರ ಜಾರ್ಜ್ ನಾಸ್ಟ್ರಂಡ್. ಆರಡಿ ಎಂಟು ಅಂಗುಲದ ಈತನಿಗಿಂತ ಎತ್ತರವಿದ್ದವರಿಗೆ ಪ್ರವೇಶ ಉಚಿತ ಎಂದು ಜಾಹೀರಾತು ಕೊಟ್ಟಿದ್ದರು. ಹಾಕಿಯ ನಾಡಿನಲ್ಲಿ ಅಪರಿಚಿತ ಆಟವೊಂದಕ್ಕೆ ಜನರನ್ನು ಕರೆಯಲು ಅಂಥ ಆಮಿಷ ಬೇಕಾಗಿತ್ತು. ಮೊದಲ ಬುಟ್ಟಿ ಹಾಕಿದವರು ನ್ಯೂಯಾರ್ಕ್‌ನ ಆಸ್ಸಿ ಶೆಕ್ಟ್‌ಮನ್. ಆ ರಾತ್ರಿ ಅತಿ ಹೆಚ್ಚು ಅಂಕ, ಅಂದರೆ 18, ಗಳಿಸಿದವರು ಸೋತ ತಂಡದ ಎಡ್ ಸಡೋವ್ಸ್ಕಿ. ಅವರೇ ಹಸ್ಕೀಸ್‌ನ ಕೋಚ್ ಕೂಡ. ಋತು ಮುಗಿಯುವಷ್ಟರಲ್ಲಿ ಆ ತಂಡ ನಾಲ್ವರು ಕೋಚ್‌ಗಳನ್ನು ಕಂಡಿತು.

ನವೆಂಬರ್ 5ರಂದು ಬಾಸ್ಟನ್‌ನಲ್ಲಿ ಸೆಲ್ಟಿಕ್ಸ್ ತಂಡದ ತವರಿನ ಮೊದಲ ಪಂದ್ಯ. ಆಟಕ್ಕೆ ಮುಂಚೆ ಮೈ ಬಿಸಿ ಮಾಡಿಕೊಳ್ಳುತ್ತಿದ್ದ ಚಕ್ ಕಾನರ್ಸ್ ಎಸೆದ ಚೆಂಡು ರಿಂಗ್‌ಗೆ ಬಡಿದು ಹಿಂದಿನ ಗಾಜಿನ ಫಲಕ ಚೂರುಚೂರಾಯಿತು. ಬದಲಿ ಫಲಕ ಇದ್ದದ್ದು ಬಾಸ್ಟನ್ ಗಾರ್ಡನ್‌ನಲ್ಲಿ. ಅಲ್ಲಿ ಅಂದು ಕುದುರೆ, ಗೂಳಿಗಳ ರೋಡಿಯೊ ಪ್ರದರ್ಶನ ನಡೆಯುತ್ತಿತ್ತು. ಹಾಗಾಗಿಯೇ ಸೆಲ್ಟಿಕ್ಸ್ ತಂಡ ಚಿಕ್ಕದಾದ ಬಾಸ್ಟನ್ ಅರೀನಾದಲ್ಲಿ ಆಡುತ್ತಿತ್ತು. ಫಲಕ ತಂದು ಜೋಡಿಸುವವರೆಗೆ ಪ್ರೇಕ್ಷಕರು ಕಾಯಬೇಕಾಯಿತು. ಕಾನರ್ಸ್ ಮುಂದೆ ಬೇಸ್‌ಬಾಲ್ ಆಡಿ, ಬಳಿಕ ಟೆಲಿವಿಷನ್ ನಟನಾಗಿ ಹೆಸರು ಮಾಡಿದರು. ಈ ಘಟನೆಯನ್ನು ತಮಾಷೆಯ ಕಥೆಯಾಗಿ ಹೇಳುವುದು ವಾಡಿಕೆ. ನನ್ನ ಗಮನ ಸೆಳೆಯುವುದು ರೋಡಿಯೊ. ಲೀಗ್ ಕಟ್ಟಿದವರ ಸ್ವಂತ ಅಂಗಳದಲ್ಲೇ ಲೀಗ್‌ಗೆ ಮೊದಲ ಮಣೆ ಇರಲಿಲ್ಲ. ನ್ಯೂಯಾರ್ಕ್‌ನಲ್ಲೂ ಅಷ್ಟೇ. ಕಾಲೇಜು ಪಂದ್ಯಗಳಿಗೂ ಇತರ ಕಾರ್ಯಕ್ರಮಗಳಿಗೂ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಮೊದಲೇ ಮೀಸಲಾಗಿದ್ದರಿಂದ ನಿಕ್ಸ್ ಆ ವರ್ಷ ತವರಿನ ಬಹುಪಾಲು ಪಂದ್ಯಗಳನ್ನು 69ನೇ ರೆಜಿಮೆಂಟ್‌ನ ಸೇನಾ ಕಟ್ಟಡದಲ್ಲಿ ಆಡಿತು.

ಆಟದ ಗುಣಮಟ್ಟ ಹೇಗಿತ್ತು? ಆ ಋತುವಿನಲ್ಲಿ ಬುಟ್ಟಿಯತ್ತ ಎಸೆದ ನೂರು ಚೆಂಡುಗಳಲ್ಲಿ ಒಳಗೆ ಬಿದ್ದದ್ದು ಸುಮಾರು 28. ಇಡೀ ಲೀಗ್‌ನಲ್ಲಿ ಶೇ 40ರ ಗಡಿ ದಾಟಿದವರು ವಾಷಿಂಗ್ಟನ್‌ನ ಬಾಬ್ ಫೀರಿಕ್ ಒಬ್ಬರೇ. ತಂಡವೊಂದು ಪಂದ್ಯಕ್ಕೆ ಸರಾಸರಿ 68 ಅಂಕವನ್ನೂ ಮುಟ್ಟುತ್ತಿರಲಿಲ್ಲ. ಬುಟ್ಟಿಯ ಸುತ್ತ ಗೋಡೆ ಕಟ್ಟಿದಂತೆ ನಿಲ್ಲುವ ವಲಯ ರಕ್ಷಣೆಯಿಂದ ಆಟ ನೀರಸವಾಗುತ್ತಿದೆ ಎಂದು 1947ರ ಜನವರಿಯಲ್ಲಿ, ಋತುವಿನ ನಡುವೆಯೇ, ಅದನ್ನು ನಿಷೇಧಿಸಿದರು.

ಈ ಮಂಕಿನ ನಡುವೆ ಇಬ್ಬರು ಬೆಳಗಿದರು. ಒಬ್ಬರು ಫಿಲಡೆಲ್ಫಿಯಾ ವಾರಿಯರ್ಸ್‌ನ ಜೋ ಫುಲ್ಕ್ಸ್. ಕೆಂಟಕಿಯ ಈ ಹುಡುಗ ಯುದ್ಧದಲ್ಲಿ ಮರೀನ್ ಪಡೆಯಲ್ಲಿದ್ದವನು. ಎರಡೂ ಕಾಲು ನೆಲಕ್ಕೂರಿ ಎರಡು ಕೈಯಿಂದ ಚೆಂಡೆಸೆಯುವುದೇ ಶಾಸ್ತ್ರ ಎಂದುಕೊಂಡಿದ್ದ ಕಾಲದಲ್ಲಿ ಆತ ಮೇಲಕ್ಕೆ ಜಿಗಿದು ಗಾಳಿಯಲ್ಲಿದ್ದಾಗಲೇ ಎಸೆಯುತ್ತಿದ್ದ. ಪಂದ್ಯಕ್ಕೆ ಸರಾಸರಿ 23.2 ಅಂಕ, ಎರಡನೆಯ ಸ್ಥಾನದಲ್ಲಿದ್ದ ಫೀರಿಕ್‌ಗೆ 16.8. ಆ ಅಂತರವೇ ಫುಲ್ಕ್ಸ್ ಎಷ್ಟು ಮುಂದಿದ್ದ ಎಂಬುದನ್ನು ಹೇಳುತ್ತದೆ. ಇನ್ನೊಬ್ಬರು ವಾಷಿಂಗ್ಟನ್ ಕ್ಯಾಪಿಟಲ್ಸ್‌ನ 29ರ ಹರೆಯದ ಕೋಚ್ ರೆಡ್ ಆರ್ಬಾಕ್. ಅವರ ತಂಡ 60 ಪಂದ್ಯಗಳಲ್ಲಿ 49 ಗೆದ್ದಿತು. ತವರಿನಲ್ಲಿ ಸೋತದ್ದು ಒಂದೇ ಒಂದು ಪಂದ್ಯ. ಆ ಗೆಲುವಿನ ಪ್ರಮಾಣವನ್ನು ಮೀರಲು ಇಪ್ಪತ್ತು ವರ್ಷ ಬೇಕಾಯಿತು.

ಇಷ್ಟಾಗಿಯೂ ಪ್ರಶಸ್ತಿ ವಾಷಿಂಗ್ಟನ್‌ಗೆ ಸಿಗಲಿಲ್ಲ. ಹಾಕಿಯಿಂದ ಎರವಲು ತಂದ ಪ್ಲೇಆಫ್ ಪದ್ಧತಿಯಲ್ಲಿ ಎರಡೂ ವಿಭಾಗಗಳ ಅಗ್ರ ತಂಡಗಳು ಸೆಮಿಫೈನಲ್‌ನಲ್ಲೇ ಮುಖಾಮುಖಿಯಾಗಬೇಕಿತ್ತು. ಎರಡನೆಯ, ಮೂರನೆಯ ಸ್ಥಾನದವರು ತಮ್ಮತಮ್ಮಲ್ಲಿ ಆಡಿ ಫೈನಲ್‌ಗೆ ಬರುತ್ತಿದ್ದರು. ಋತುವಿಡೀ ಮೆರೆದ ವಾಷಿಂಗ್ಟನ್ ಶಿಕಾಗೊ ಸ್ಟ್ಯಾಗ್ಸ್‌ಗೆ 4-2ರಿಂದ ಶರಣಾಯಿತು. ಲೀಗ್ ಹಂತದಲ್ಲಿ 35 ಪಂದ್ಯ ಗೆದ್ದು 25 ಸೋತಿದ್ದ ಫಿಲಡೆಲ್ಫಿಯಾ ಸುಲಭದ ದಾರಿಯಲ್ಲಿ ಫೈನಲ್ ತಲುಪಿ, ಶಿಕಾಗೊವನ್ನು 4-1ರಿಂದ ಸೋಲಿಸಿತು. 1947ರ ಏಪ್ರಿಲ್ 22ರಂದು ನಡೆದ ಕೊನೆಯ ಪಂದ್ಯದ ಅಂತರ 83-80. ಎನ್‌ಬಿಎ ಪಟ್ಟಿಯಲ್ಲಿ ಮೊದಲ ಚಾಂಪಿಯನ್ ಎಂದು ಇರುವುದು ಈ ವಾರಿಯರ್ಸ್ ತಂಡ. ಇಂದು ಸ್ಟೀಫನ್ ಕರಿ ಆಡುವ ಗೋಲ್ಡನ್ ಸ್ಟೇಟ್ ವಾರಿಯರ್ಸ್ ಅದರ ಮುಂದುವರಿಕೆ. ಟೊರಾಂಟೊ, ಕ್ಲೀವ್‌ಲ್ಯಾಂಡ್, ಡೆಟ್ರಾಯಿಟ್, ಪಿಟ್ಸ್‌ಬರ್ಗ್ ತಂಡಗಳು ಆ ಬೇಸಿಗೆಯಲ್ಲೇ ಬಾಗಿಲು ಹಾಕಿದವು. ಅಂದರೆ 11ರಲ್ಲಿ ನಾಲ್ಕು ಒಂದೇ ವರ್ಷಕ್ಕೆ ಇಲ್ಲವಾದವು. ಇತಿಹಾಸದ ಮೊದಲ ಪಂದ್ಯ ನಡೆದ ಊರೂ ಅದರಲ್ಲೊಂದು. ಟೊರಾಂಟೊಗೆ ಮತ್ತೆ ತಂಡ ಬಂದದ್ದು 1995ರಲ್ಲಿ.

ಅದೇ ಚಳಿಗಾಲದಲ್ಲಿ ನಾಡಿನ ಇನ್ನೊಂದು ಭಾಗದಲ್ಲಿ ಏನು ನಡೆಯುತ್ತಿತ್ತು ಎಂದು ನೋಡಿದರೆ ಚಿತ್ರವೇ ಬದಲಾಗುತ್ತದೆ. ಎನ್‌ಬಿಎಲ್ 1937ರಲ್ಲಿ ಶುರುವಾದದ್ದು ಕಾರ್ಖಾನೆಗಳ ಆಸರೆಯಲ್ಲಿ. ಆಕ್ರನ್ ಪಟ್ಟಣದ ಟೈರ್ ಕಂಪನಿಗಳಾದ ಗುಡ್‌ಇಯರ್ ಮತ್ತು ಫೈರ್‌ಸ್ಟೋನ್ ತಂಡಗಳೇ ಮೊದಲ ಮೂರು ಪ್ರಶಸ್ತಿಗಳನ್ನು ಹಂಚಿಕೊಂಡವು. ಫೋರ್ಟ್ ವೇನ್‌ನಲ್ಲಿ ಪಿಸ್ಟನ್ ತಯಾರಿಸುವ ಫ್ರೆಡ್ ಜೋಲ್ನರ್ ತಮ್ಮ ಕಾರ್ಖಾನೆಯ ಹೆಸರಿನಲ್ಲೇ ತಂಡ ಕಟ್ಟಿದರು. ಆಷ್‌ಕಾಷ್, ಶೆಬಾಯ್ಗನ್, ಆಂಡರ್ಸನ್‌ನಂಥ ಸಣ್ಣ ಊರುಗಳು, ಸಣ್ಣ ಸಭಾಂಗಣಗಳು. ಆದರೆ ದೇಶದ ಒಳ್ಳೆಯ ಆಟಗಾರರಲ್ಲಿ ಬಹಳ ಮಂದಿ ಅಲ್ಲಿದ್ದರು. ಆ ಕಾಲದ ಅತಿ ದೊಡ್ಡ ತಾರೆ, ಆರಡಿ ಹತ್ತು ಅಂಗುಲದ ಜಾರ್ಜ್ ಮೈಕನ್, 1946-47ರಲ್ಲಿ ಆಡಿದ್ದು ಎನ್‌ಬಿಎಲ್‌ನ ಶಿಕಾಗೊ ಗಿಯರ್ಸ್ ಪರ. ಆ ವರ್ಷದ ಎನ್‌ಬಿಎಲ್ ಪ್ರಶಸ್ತಿ ಗೆದ್ದದ್ದೂ ಅವರೇ.

ಬಿಎಎಗೆ ಅಂಗಳವಿತ್ತು, ಆಟಗಾರರ ಕೊರತೆಯಿತ್ತು. ಎನ್‌ಬಿಎಲ್‌ಗೆ ಆಟಗಾರರಿದ್ದರು, ಅಂಗಳ ಚಿಕ್ಕದು. 1948ರಲ್ಲಿ ಪೊಡೊಲಾಫ್ ಇದನ್ನೇ ಬಳಸಿಕೊಂಡರು. ದೊಡ್ಡ ನಗರಗಳ ದೊಡ್ಡ ಕ್ರೀಡಾಂಗಣಗಳ ಆಸೆ ತೋರಿಸಿ ಮಿನಿಯಾಪೊಲಿಸ್, ರಾಚೆಸ್ಟರ್, ಫೋರ್ಟ್ ವೇನ್, ಇಂಡಿಯಾನಾಪೊಲಿಸ್ ತಂಡಗಳನ್ನು ಎನ್‌ಬಿಎಲ್‌ನಿಂದ ಸೆಳೆದರು. ಅಷ್ಟರಲ್ಲಿ ಮೈಕನ್ ಮಿನಿಯಾಪೊಲಿಸ್ ಲೇಕರ್ಸ್ ಸೇರಿದ್ದರು. ಬೆನ್ನೆಲುಬು ಮುರಿದರೂ ಎನ್‌ಬಿಎಲ್ ಸುಮ್ಮನಾಗಲಿಲ್ಲ. ಕೆಂಟಕಿ ವಿಶ್ವವಿದ್ಯಾಲಯದಿಂದ ಆಗಷ್ಟೇ ಹೊರಬಂದ ಚಾಂಪಿಯನ್ ಹುಡುಗರಿಗೆ ತಂಡದ ಒಡೆತನದಲ್ಲೇ ಪಾಲು ಕೊಟ್ಟು ಇಂಡಿಯಾನಾಪೊಲಿಸ್‌ನಲ್ಲಿ ಹೊಸ ತಂಡ ನಿಲ್ಲಿಸಲು ಹೊರಟಿತು. ಹೀಗೆ ಜಗ್ಗಾಡಿದರೆ ಇಬ್ಬರೂ ಮುಳುಗುತ್ತೇವೆ ಎಂದು ಅರಿತಾಗ ವಿಲೀನವಾಯಿತು, 17 ತಂಡಗಳ ಎನ್‌ಬಿಎ ಬಂತು.

ಇನ್ನು ಚಾಂಪಿಯನ್ನರ ಪಟ್ಟಿಯನ್ನು ನೋಡಿ. ಎನ್‌ಬಿಎಲ್ ತಂಡಗಳು ಒಳಗೆ ಬಂದ ಮೊದಲ ವರ್ಷವೇ, 1949ರಲ್ಲಿ, ಲೇಕರ್ಸ್ ಗೆದ್ದಿತು. 1950ರಲ್ಲೂ ಲೇಕರ್ಸ್. 1951ರಲ್ಲಿ ರಾಚೆಸ್ಟರ್ ರಾಯಲ್ಸ್. 1952, 1953, 1954ರಲ್ಲಿ ಮತ್ತೆ ಲೇಕರ್ಸ್. 1955ರಲ್ಲಿ ಸಿರಾಕ್ಯೂಸ್ ನ್ಯಾಷನಲ್ಸ್. ಸತತ ಏಳು ವರ್ಷ, ಏಳೂ ಪ್ರಶಸ್ತಿ ಹಿಂದೆ ಎನ್‌ಬಿಎಲ್‌ನಲ್ಲಿದ್ದ ತಂಡಗಳಿಗೇ ಹೋದವು. ಬಿಎಎಯ ಮೂಲ ತಂಡವೊಂದು ಮತ್ತೆ ಪ್ರಶಸ್ತಿ ಎತ್ತಿದ್ದು 1956ರಲ್ಲಿ. ಯಾವ ಲೀಗ್ ಬಲಿಷ್ಠವಾಗಿತ್ತು ಎಂಬ ವಾದವನ್ನು ಅಂಕಣದಲ್ಲೇ ಆಡಿ ತೀರಿಸಿದಂತಾಯಿತು.

ಎನ್‌ಬಿಎಯನ್ನು ಸಾವಿನಂಚಿನಿಂದ ಎಳೆದು ತಂದ ನಿಯಮವೂ ಅದೇ ಕಡೆಯಿಂದ ಬಂತು. ಮುನ್ನಡೆ ಸಿಕ್ಕ ಕೂಡಲೇ ಚೆಂಡನ್ನು ಕೈಯಲ್ಲಿ ಹಿಡಿದು ಕಾಲ ತಳ್ಳುವ ಚಾಳಿ ಆಗ ಬೆಳೆದಿತ್ತು. 1950ರ ನವೆಂಬರ್ 22ರಂದು ಫೋರ್ಟ್ ವೇನ್ ತಂಡ ಲೇಕರ್ಸ್ ವಿರುದ್ಧ 19-18ರಿಂದ ಗೆದ್ದ ಪಂದ್ಯ ಅದರ ಪರಾಕಾಷ್ಠೆ. ಆ ಎರಡೂ ಎನ್‌ಬಿಎಲ್ ಮೂಲದ ತಂಡಗಳೇ ಎಂಬುದನ್ನೂ ಹೇಳಬೇಕು. ಇದಕ್ಕೆ ಮದ್ದು ಕಂಡುಹಿಡಿದವರು ಸಿರಾಕ್ಯೂಸ್ ತಂಡದ ಒಡೆಯ ಡ್ಯಾನಿ ಬಿಯಾಸೋನ್, ಇಟಲಿಯಿಂದ ವಲಸೆ ಬಂದು ಬೌಲಿಂಗ್ ಕೇಂದ್ರ ನಡೆಸುತ್ತಿದ್ದವರು. ಚೆನ್ನಾಗಿ ನಡೆದ ಪಂದ್ಯದಲ್ಲಿ ಎರಡೂ ತಂಡಗಳು ಸೇರಿ ಸುಮಾರು 120 ಬಾರಿ ಬುಟ್ಟಿಯತ್ತ ಎಸೆಯುತ್ತವೆ. 48 ನಿಮಿಷವೆಂದರೆ 2,880 ಸೆಕೆಂಡ್. 120ರಿಂದ ಭಾಗಿಸಿದರೆ 24. ಅಷ್ಟರೊಳಗೆ ಎಸೆಯದಿದ್ದರೆ ಚೆಂಡು ಎದುರಾಳಿಗೆ. 1954ರಲ್ಲಿ ಜಾರಿಗೆ ಬಂದ ಈ 24 ಸೆಕೆಂಡಿನ ಗಡಿಯಾರ ಇಂದಿಗೂ ಓಡುತ್ತಿದೆ. 48 ಎಂಬ ಸಂಖ್ಯೆ ಬಿಎಎಯ ಅಂಗಳದ ಒಡೆಯರದ್ದು, 24 ಎಂಬುದು ಎನ್‌ಬಿಎಲ್‌ನಿಂದ ಬಂದ ಮನುಷ್ಯನದ್ದು. ಇಂದಿನ ಆಟ ನಿಂತಿರುವುದು ಎರಡರ ಮೇಲೂ.

ಇದಕ್ಕಿಂತ ನನ್ನನ್ನು ಕಾಡುವುದು ಬಣ್ಣದ ಪ್ರಶ್ನೆ. ಎನ್‌ಬಿಎ ಹೇಳುವ ಕಥೆಯಲ್ಲಿ ವರ್ಣಭೇದದ ಗೋಡೆ ಒಡೆದದ್ದು 1950ರಲ್ಲಿ, ಚಕ್ ಕೂಪರ್, ನ್ಯಾಟ್ ಕ್ಲಿಫ್ಟನ್, ಅರ್ಲ್ ಲಾಯ್ಡ್ ಬಂದಾಗ. ಆ ಮೂವರ ಹಿರಿಮೆಯನ್ನು ಕಡಿಮೆ ಮಾಡಲು ಯಾರಿಗೂ ಸಾಧ್ಯವಿಲ್ಲ. ಆದರೆ 1946-47ರ ಬಿಎಎಯಲ್ಲಿ ಒಬ್ಬನೇ ಒಬ್ಬ ಕಪ್ಪು ಆಟಗಾರನೂ ಇರಲಿಲ್ಲ. ಅದೇ ಋತುವಿನ ಎನ್‌ಬಿಎಲ್‌ನಲ್ಲಿ ಇದ್ದರು. ರಾಚೆಸ್ಟರ್ ರಾಯಲ್ಸ್ ಪರ ಡಾಲಿ ಕಿಂಗ್ ಆಡಿದರು. ಋತುವಿನ ನಡುವೆ ಬಫಲೊ ಬಿಟ್ಟು ಟ್ರೈಸಿಟೀಸ್ ಬ್ಲ್ಯಾಕ್‌ಹಾಕ್ಸ್ ಆದ ತಂಡದಲ್ಲಿ ಪಾಪ್ ಗೇಟ್ಸ್ ಆಡಿದರು. ಆ ತಂಡಗಳು ಇಂದಿನ ಸ್ಯಾಕ್ರಮೆಂಟೊ ಕಿಂಗ್ಸ್ ಮತ್ತು ಅಟ್ಲಾಂಟಾ ಹಾಕ್ಸ್. ಇನ್ನೂ ಹಿಂದೆ, 1942ರಲ್ಲಿ, ಯುದ್ಧದಿಂದ ಆಟಗಾರರ ಕೊರತೆ ಬಿದ್ದಾಗ ಟೊಲೀಡೊ ಮತ್ತು ಶಿಕಾಗೊದ ಎನ್‌ಬಿಎಲ್ ತಂಡಗಳು ಕಪ್ಪು ಆಟಗಾರರನ್ನು ಸೇರಿಸಿಕೊಂಡಿದ್ದವು. 1948-49ರಲ್ಲಂತೂ ನ್ಯೂಯಾರ್ಕ್ ರೆನ್ಸ್ ಎಂಬ ಪ್ರಖ್ಯಾತ ಕಪ್ಪು ಆಟಗಾರರ ತಂಡವೇ ಡೇಟನ್ ರೆನ್ಸ್ ಹೆಸರಿನಲ್ಲಿ, ಗೇಟ್ಸ್ ಅವರ ನಾಯಕತ್ವದಲ್ಲಿ, ಎನ್‌ಬಿಎಲ್‌ನಲ್ಲಿ ಆಡಿತು. ಮುಂದಿನ ಬೇಸಿಗೆಯ ವಿಲೀನದಲ್ಲಿ ಆ ತಂಡಕ್ಕೆ ಜಾಗ ಕೊಡಲಿಲ್ಲ. ಆರಂಭದ ದಿನಾಂಕವನ್ನು 1946 ಎಂದು ಹಿಡಿದ ಕ್ಷಣ ಇವರೆಲ್ಲರೂ ಕಥೆಯಿಂದ ಹೊರಬೀಳುತ್ತಾರೆ.

ಎನ್‌ಬಿಎಲ್‌ನಲ್ಲಿ ಎಲ್ಲವೂ ಸಮಾನವಾಗಿತ್ತು ಎಂದೇನೂ ನಾನು ಹೇಳುತ್ತಿಲ್ಲ. ತಂಡಗಳು ಬಂದುಹೋಗುತ್ತಿದ್ದವು, ಯುದ್ಧದ ಒಂದು ಋತುವಿನಲ್ಲಿ ನಾಲ್ಕೇ ತಂಡಗಳು ಉಳಿದಿದ್ದವು, ಆರಂಭದ ವರ್ಷಗಳ ಅಂಕಪಟ್ಟಿಗಳು ಅರೆಬರೆಯಾಗಿವೆ. ಎಣಿಕೆಗೆ ಅಡ್ಡಬರುವವರು ಮುಂದಿಡುವ ಕಾರಣಗಳೂ ಇವೇ. ಆದರೆ ಬಿಎಎಯ ಮೊದಲ ಋತು ಎಷ್ಟು ಅಚ್ಚುಕಟ್ಟಾಗಿತ್ತು ಎಂಬುದನ್ನು ಮೇಲೆ ನೋಡಿದೆವು. 1948ರ ಬಿಎಎ ಚಾಂಪಿಯನ್ ಬಾಲ್ಟಿಮೋರ್ ತಂಡ 1954ರಲ್ಲಿ ಋತುವಿನ ನಡುವೆಯೇ ಮುಚ್ಚಿಹೋಯಿತು. ಅದರ ಪ್ರಶಸ್ತಿ ಇಂದಿಗೂ ಎನ್‌ಬಿಎ ಪ್ರಶಸ್ತಿಯೆಂದೇ ಲೆಕ್ಕ.

ನಮ್ಮ ಓದುಗರಿಗೆ ಇದು ತೀರ ದೂರದ ಸಂಗತಿಯಲ್ಲ. 2008ರ ಏಪ್ರಿಲ್ 18ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಬ್ರೆಂಡನ್ ಮೆಕಲಂ ಗಳಿಸಿದ 158 ರನ್‌ಗಳಿಂದ ನಾವು ಐಪಿಎಲ್ ಕಥೆ ಶುರುಮಾಡುತ್ತೇವೆ. ಅದಕ್ಕೂ ಮೊದಲು, 2007ರಲ್ಲೇ, ಇಂಡಿಯನ್ ಕ್ರಿಕೆಟ್ ಲೀಗ್ ನಡೆದಿತ್ತು. ಬಿಸಿಸಿಐ ಅದಕ್ಕೆ ಮಾನ್ಯತೆ ಕೊಡಲಿಲ್ಲ, ಆ ಪಂದ್ಯಗಳ ರನ್, ವಿಕೆಟ್ ಯಾವ ಅಧಿಕೃತ ಟಿ20 ದಾಖಲೆಗೂ ಸೇರಲಿಲ್ಲ. ಅಂಗಳ ಯಾರ ಕೈಯಲ್ಲಿತ್ತೋ ಲೆಕ್ಕ ಬರೆದವರೂ ಅವರೇ. ಇನ್ನು 2019ರ ಅಕ್ಟೋಬರ್‌ನಲ್ಲಿ ಭಾರತದ ನೆಲದಲ್ಲಿ ಮೊದಲ ಬಾರಿಗೆ ಎನ್‌ಬಿಎ ತಂಡಗಳು ಆಡಿದವಲ್ಲ, ಮುಂಬೈನ ವರ್ಲಿಯಲ್ಲಿ ಎರಡು ಪ್ರದರ್ಶನ ಪಂದ್ಯಗಳು, ಅಲ್ಲಿಗೆ ಬಂದ ಎರಡು ತಂಡಗಳಲ್ಲಿ ಒಂದೂ ಬಿಎಎಯಲ್ಲಿ ಹುಟ್ಟಿದ್ದಲ್ಲ. ಕಿಂಗ್ಸ್‌ನ ಬೇರು ಎನ್‌ಬಿಎಲ್‌ನ ರಾಚೆಸ್ಟರ್‌ನಲ್ಲಿದೆ. ಇಂಡಿಯಾನಾ ಪೇಸರ್ಸ್ ಬಂದದ್ದು 1967ರಲ್ಲಿ ಶುರುವಾಗಿ 1976ರಲ್ಲಿ ಎನ್‌ಬಿಎಯಲ್ಲಿ ಕರಗಿದ ಅಮೆರಿಕನ್ ಬ್ಯಾಸ್ಕೆಟ್‌ಬಾಲ್ ಅಸೋಸಿಯೇಷನ್‌ನಿಂದ. ಆ ಲೀಗ್‌ನ ಅಂಕಗಳನ್ನೂ ಎನ್‌ಬಿಎ ತನ್ನದೆಂದು ಎಣಿಸುವುದಿಲ್ಲ. ಆದರೆ 2022ರಲ್ಲಿ ಅದರ ಹಳೆಯ ಆಟಗಾರರಿಗೆ 2.45 ಕೋಟಿ ಡಾಲರ್ ನೆರವು ನೀಡಲು ಒಪ್ಪಿತು. ಋಣವಿದೆ ಎಂದು ಒಪ್ಪಿದ ಸಂಸ್ಥೆ ದಾಖಲೆಯ ವಿಷಯದಲ್ಲಿ ಇನ್ನೂ ಹಿಂಜರಿಯುತ್ತಿದೆ.

ವಿಲೀನದ ಹೊತ್ತಿಗೆ ಇದ್ದ ತಂಡಗಳಲ್ಲಿ ಎಂಟು ಇಂದಿಗೂ ಎನ್‌ಬಿಎಯಲ್ಲಿವೆ. ಸೆಲ್ಟಿಕ್ಸ್, ನಿಕ್ಸ್, ವಾರಿಯರ್ಸ್ ಬಿಎಎಯಲ್ಲಿ ಹುಟ್ಟಿದವು. ಲೇಕರ್ಸ್, ಪಿಸ್ಟನ್ಸ್, ಕಿಂಗ್ಸ್, ಹಾಕ್ಸ್ ಮತ್ತು ಸಿರಾಕ್ಯೂಸ್‌ನಿಂದ ಫಿಲಡೆಲ್ಫಿಯಾಕ್ಕೆ ಹೋಗಿ ಸೆವೆಂಟಿಸಿಕ್ಸರ್ಸ್ ಆದ ತಂಡ, ಈ ಐದೂ ಎನ್‌ಬಿಎಲ್‌ನಿಂದ ಬಂದವು. ಇವುಗಳಲ್ಲಿ ಲೇಕರ್ಸ್‌ನ ಲೆಕ್ಕವೊಂದನ್ನೇ ಎತ್ತಿಕೊಳ್ಳಿ. ಜಾರ್ಜ್ ಮೈಕನ್ ತಾರೆಯಾಗಿ, ಜಾನ್ ಕುಂಡ್ಲಾ ಕೋಚ್ ಆಗಿ, ಆ ತಂಡ 1948ರಲ್ಲಿ ಎನ್‌ಬಿಎಲ್ ಪ್ರಶಸ್ತಿ ಗೆದ್ದಿತು. ಅದೇ ಮೈಕನ್, ಅದೇ ಕುಂಡ್ಲಾ, ಅದೇ ಊರು, 1949ರಲ್ಲಿ ಬಿಎಎ ಪ್ರಶಸ್ತಿ. ಎರಡನೆಯದು ಇಂದಿನ ಲೇಕರ್ಸ್‌ನ 17 ಪ್ರಶಸ್ತಿಗಳಲ್ಲಿ ಮೊದಲನೆಯದು. ಮೊದಲನೆಯದು ಎಲ್ಲೂ ಇಲ್ಲ. ಬೇಸ್‌ಬಾಲ್‌ನವರು ಮಾಡಿದಂತೆ ಇತಿಹಾಸಕಾರರ ಸಮಿತಿಯೊಂದನ್ನು ಕೂರಿಸಿ, ಸಿಕ್ಕಿದಷ್ಟು ಅಂಕಪಟ್ಟಿಗಳನ್ನು ಒಪ್ಪಿಕೊಂಡು, ಸಿಗದ್ದನ್ನು ಸಿಗಲಿಲ್ಲ ಎಂದು ಬರೆದು ಈ ಹನ್ನೆರಡು ಋತುಗಳನ್ನು ಸೇರಿಸುವುದು ಎನ್‌ಬಿಎಯಂಥ ಶ್ರೀಮಂತ ಸಂಸ್ಥೆಗೆ ಭಾರವಲ್ಲ. ಆಟಗಾರರ ಅಂಕಿಅಂಶಕ್ಕೆ ಸಮಯ ಹಿಡಿದೀತು. ಚಾಂಪಿಯನ್ನರ ಪಟ್ಟಿಗಾದರೆ ಯಾವ ಸಂಶೋಧನೆಯೂ ಬೇಕಿಲ್ಲ, ಆ ಹನ್ನೆರಡು ಹೆಸರುಗಳು ಎಲ್ಲರಿಗೂ ಗೊತ್ತಿರುವಂಥವೇ. 1947ರ ಸಾಲಿನಲ್ಲಿ ಫಿಲಡೆಲ್ಫಿಯಾ ವಾರಿಯರ್ಸ್ ಪಕ್ಕದಲ್ಲಿ ಶಿಕಾಗೊ ಗಿಯರ್ಸ್ ಹೆಸರನ್ನೂ ಬರೆದು ಆ ಕೆಲಸ ಶುರುಮಾಡಬಹುದು.